ಸ್ಟಿಲ್

ಐಲಾ ದ್ವೀಪದಲ್ಲಿ ವಿಸ್ಕಿ ಇಳಿಸುವ
ತಾಮ್ರದ ಭಟ್ಟಿಗೆ ಸ್ಟಿಲ್ ಎನ್ನುತ್ತಾರೆ.
ಮೂವತ್ತು ವರ್ಷ ಅದರ ಮೈಗೆ ಕಿವಿಯಿಟ್ಟು
ಸುತ್ತಿಗೆಯಲ್ಲಿ ತಟ್ಟಿದವನು ಟಾರ್ಕ್ವಿಲ್.
ಸದ್ದು ಮಂಕಾದರೆ ತಗಡು ಸವೆದಿದೆ.

ಗಾಳಿ ಬಿದ್ದ ದಿನ ಕಡಲೂ ಸ್ಟಿಲ್.
ಆಗ ದೋಣಿಯವರು ದನಿ ತಗ್ಗಿಸುತ್ತಾರೆ,
ಎಲ್ಲಿ ಎದ್ದುಬಿಡುತ್ತದೋ ಎಂಬಂತೆ.

ಹುಟ್ಟು ಎಂಬ ಮಾತಿನ ಮುಂದೆ ಅದನ್ನೇ ಜೋಡಿಸಿ
ದಾದಿ ಒಮ್ಮೆ ಅವನಿಗೆ ಹೇಳಿದ್ದಳು.
ತೊಂಬತ್ತೊಂದರ ಮಾರ್ಚ್. ತೊಟ್ಟಿಲಿಗೆ
ಬಣ್ಣ ಆರಿರಲಿಲ್ಲ.

ಸಂಜೆ ಊನಾ ಬಾಗಿಲಿಗೆ ಬಂದು ಕೇಳುತ್ತಾಳೆ:
"ಸ್ಟಿಲ್ ಕೆಲಸವಾ?"
ಭಟ್ಟಿಯ ಕೆಲಸವೋ, ಇಷ್ಟು ಹೊತ್ತಾದರೂ ಕೆಲಸವೋ,
ಅವನು ಬಿಡಿಸಿ ಕೇಳುವುದಿಲ್ಲ.
ಹೂಂಗುಟ್ಟಿ ಮತ್ತೊಮ್ಮೆ ತಟ್ಟುತ್ತಾನೆ.
ತಾಮ್ರ ಗುಂಯ್‌ಗುಟ್ಟಿ, ಸುಮ್ಮನಾಗುತ್ತದೆ.

ಅವಳು ಬಾಗಿಲಲ್ಲೇ ನಿಂತಿದ್ದಾಳೆ,
ಇನ್ನೂ.