ಎಡಗಡೆಯ ಟ್ವೀಟರ್

ಟೋರ್ಕಿಲ್ ತಂದಿಟ್ಟಾಗ ಸ್ಪೀಕರಿನ ಮೈಮೇಲೆ
ಆರ್‌ಹೂಸ್ ಬಂದರಿನ ಉಪ್ಪುಗಾಳಿ ಅಂಟಿತ್ತು.
"ಸದ್ದು ಸರಿಯಿದೆ, ಮರಕ್ಕೊಂದಿಷ್ಟು ಎಣ್ಣೆ ಸಾಕು" ಅಂದ.

ತೋಳುಗಾತ್ರದ ಕೇಬಲ್ಲು, ನೆಲಕ್ಕೆ ತಾಗದ ಹಾಗೆ
ಪಿಂಗಾಣಿ ಬಟ್ಟಲುಗಳ ಮೇಲೆ ಮಲಗಿಸುತ್ತಾನಂತೆ.
ಇನ್ನೂರು ಗಂಟೆ ಹಾಡು ಕುಡಿಸಿ ಪಳಗಿಸಿದ್ದು;
ಅದರ ಬೆಲೆಗೆ ನನ್ನ ವ್ಯಾನು ಬರುತ್ತಿತ್ತು, ಟೈರು ಸಮೇತ.
ಕೇಳುವುದಾದರೆ ಹನ್ನೆರಡು ಹೊಡೆದ ಮೇಲಂತೆ,
ಊರಿನ ಫ್ರಿಜ್ಜುಗಳೆಲ್ಲ ತೂಕಡಿಸಿ
ಕರೆಂಟು ತಿಳಿಯಾದ ಮೇಲೆ.

ಬಿಚ್ಚಿ ನೋಡಿದೆ.
ಎಡಗಡೆಯ ಟ್ವೀಟರ್ ಸತ್ತಿದೆ.
ಕೂದಲೆಳೆಯ ತಂತಿ ಎಂದೋ ತುಂಡಾಗಿ
ತುದಿ ಹಸಿರುಗಟ್ಟಿದೆ. ಹತ್ತು ವರ್ಷವಾದರೂ ಆಗಿರಬೇಕು.
ಹತ್ತು ವರ್ಷ ಈತ ಬಂದವರನ್ನು ಕೂರಿಸಿಕೊಂಡು
"ಅಗೋ, ಸಿಂಬಲ್ಲಿನ ಹೊಳಪು, ಎಡಕ್ಕೆ!"
ಎಂದು ಬೆರಳು ತೋರಿದ್ದ;
ಅವರೂ ತಲೆದೂಗಿದ್ದರು.

ಕಿವಿಯ ಮೇಲೆ ಹೂವಿಟ್ಟವರು ಯಾರು, ಯಾರಿಗೆ?

ಬೆಸುಗೆ ಹಾಕಿದೆ. ನಾಲ್ಕು ನಿಮಿಷದ ಕೆಲಸ.
ವಾರ ತುಂಬುವ ಮೊದಲೇ ಮರಳಿದ, ಮುಖ ಸಣ್ಣದು ಮಾಡಿಕೊಂಡು:
"ಏನೋ ಗೀರುತ್ತಿದೆ. ಮುಂಚಿನ ಮೃದು ಇಲ್ಲ.
ಬೇರೆ ಎಣ್ಣೆ ಹಾಕಿದಿರಾ?"

ಜೊತೆಗೆ ಬಂದ ಮೊಮ್ಮಗಳು ಸಿಗ್ನೆ
ನನ್ನ ಖಾಲಿ ಕಾಫಿ ಲೋಟದೊಳಗೆ ಫೋನ್ ನಿಲ್ಲಿಸಿ
ಬರೀ ಗುದ್ದುವ ಯಾವುದೋ ಹಾಡಿಗೆ
ಭುಜ ಕುಣಿಸುತ್ತಿದ್ದಳು. ಅವಳಿಗೆ ಎಡ ಬಲವೇ ಬೇಡ.
ನಿಜ ಹೇಳಬೇಕೆಂದರೆ, ನನ್ನ ಕಾಲೂ ತಾಳ ಹಾಕಿತು.

ಒಳಗೊಯ್ದು ಬೆಸುಗೆ ಬಿಡಿಸಿದೆ.
ಅದೇ ಎಣ್ಣೆಯನ್ನೇ ಇನ್ನೊಮ್ಮೆ ಸವರಿದೆ.
ಕೇಳಿದ. ಕಣ್ಣು ಮುಚ್ಚಿದ.
ಮೆಲ್ಲಗೆ ಎಡಕ್ಕೆ ಬೆರಳೆತ್ತಿದ.

ಬಿಲ್ಲಿನಲ್ಲಿ ಬರೆದೆ: ಎಣ್ಣೆ, ಐವತ್ತು ಕ್ರೋನ.