ಮೂಲೆ

ಡಂಡೀ ಪಟ್ಟಣದ ಹಳೆಯ ಸೆಣಬಿನ ಗಿರಣಿ.
ನೂಲುವ ಯಂತ್ರಗಳು ಗುಜರಿಗೆ ಹೋಗಿ ಕಾಲವಾಯಿತು,
ಆದರೂ ಮಳೆ ಹಿಡಿದ ದಿನ ನೆಲದ ಹಲಗೆಗಳಿಂದ
ತಿಮಿಂಗಿಲದ ಎಣ್ಣೆಯ ವಾಸನೆ ಏಳುತ್ತದೆ.
ಎಲ್ಸ್ಪೆತ್‌ಗೆ ಅದು ಇಷ್ಟ.
"ಮೀನು ಬಂತು" ಎನ್ನುತ್ತಾಳೆ, ಕೋಟು ಬಿಚ್ಚುತ್ತ.

ಮೂರನೇ ಮಹಡಿ, ಉತ್ತರದ ಕಿಟಕಿ, ಅವಳ ಮೇಜು.
ಅದರ ಮೇಲೆ ಬೇರೆಯವರು ಲೋಟ ಇಟ್ಟರೆ
ಮಾತಿಲ್ಲ ಕತೆಯಿಲ್ಲ, ಎತ್ತಿ ಸಿಂಕಿಗೆ ಸುರಿಯುತ್ತಾಳೆ.
ನಗರಸಭೆಯ ಅಧ್ಯಕ್ಷರ ಚಹಾ ಹಾಗೆಯೇ ಹೋಯಿತು.

ನನ್ನ ಕೆಲಸ ಇಲ್ಲಿ ದೊಡ್ಡದೇನಲ್ಲ:
ಪೆನ್ಸಿಲ್ ಹೆರೆಯುವುದು, ಡಬ್ಬಿಗಳ ಬಿಗಿದ ಮುಚ್ಚಳ ತೆಗೆಯುವುದು,
ನಾಲ್ಕು ಚಮಚ ಸಕ್ಕರೆ ಕೇಳಿದರೆ ಮೂರು ಹಾಕಿ ನಾಲ್ಕು ಎನ್ನುವುದು
(ಅವಳಿಗೆ ಗೊತ್ತಾಗುತ್ತದೆ),
ಉಳಿದ ಹೊತ್ತು ಬಾಯಿ ಮುಚ್ಚಿಕೊಂಡಿರುವುದು.
ಸೇರಿದ ದಿನವೇ ರೋನಾ ಹೇಳಿದ್ದಳು:
"ಕಲಿಸಲು ಬಂದಿದ್ದರೆ, ಬಸ್ಸು ಕೆಳಗೇ ನಿಂತಿದೆ."

ಎಲ್ಸ್ಪೆತ್ ಬರೆಯುವುದು ಮನೆಗಳನ್ನು,
ರಾತ್ರಿಯ ಮನೆಗಳನ್ನು, ಒಂದರ ಮೇಲೊಂದು,
ದೀಪ ಹಚ್ಚಿದ ಕಿಟಕಿಗಳು ಸಾಲಿಗೆ ಹನ್ನೊಂದು.
ಹನ್ನೊಂದಾದ ಮೇಲೆ ಅವಳ ಎಣಿಕೆ ಮತ್ತೆ ಒಂದಕ್ಕೆ ಬರುತ್ತದೆ,
ಕಟ್ಟಡ ಅಗಲಕ್ಕೆ ಹೋಗದೆ ಎತ್ತರಕ್ಕೆ ಹೋಗುತ್ತದೆ.
ಕಾಗದ ಮುಗಿದರೆ ಇನ್ನೊಂದು ಅಂಟಿಸುತ್ತಾಳೆ.
ಮೇಲಿನ ಮನೆಗಳನ್ನು ನೋಡಲು ನಾವು ಏಣಿ ಹತ್ತಬೇಕು.

ಪಕ್ಕದ ಮೇಜಿನ ಡೂಗಲ್ ಜೇಡಿಮಣ್ಣಿನಲ್ಲಿ
ಕಿವಿಗಳನ್ನಷ್ಟೇ ಮಾಡುತ್ತಾನೆ.
ಗೂಡಿನಿಂದ ಆಗಷ್ಟೇ ಬಂದ ಒಂದನ್ನೆತ್ತಿ, ಇನ್ನೂ ಬೆಚ್ಚಗಿರುವಾಗಲೇ,
ಎಲ್ಸ್ಪೆತ್ ಅದಕ್ಕೆ ಏನೋ ಹೇಳುತ್ತಾಳೆ.
ಏನೆಂದು ನಾವು ಕೇಳಿಲ್ಲ.

ಕಡತದಲ್ಲಿ, ಅವಳ ಏಳನೇ ವಯಸ್ಸಿನ ಪುಟದಲ್ಲಿ,
ಯಾರದೋ ದುಂಡು ಅಕ್ಷರ: "ಕಲಿಯಲಾರಳು."
ಆಮೇಲೆ ಗುಡ್ಡದಾಚೆಯ ಆಸ್ಪತ್ರೆ, ಇಪ್ಪತ್ತಾರು ವರ್ಷ ಮೂಲೆಗುಂಪು.
ಆ ವಾರ್ಡಿಗೆ ಎಷ್ಟು ಕಿಟಕಿಗಳಿದ್ದವು ಎಂದು
ಪತ್ರಿಕೆಯವಳೊಬ್ಬಳು ಕೇಳಿದಳು, ಉತ್ತರ ಹನ್ನೊಂದೇ ಆಗಲೆಂಬ ಆಸೆಯಿಂದ.
"ನೋಡಲಿಲ್ಲ," ಅಂದಳು ಎಲ್ಸ್ಪೆತ್. "ಪರದೆ ಇತ್ತು."

ಡಿಸೆಂಬರ್. ಮೂರೂವರೆಗೇ ಕತ್ತಲು.
ಕೆಳಗೆ ಟೇ ನದಿ, ಸೀಸದ ತಗಡು.
ಅವಳು ಕೈ ತೊಳೆಯಲು ಹೋಗಿದ್ದಾಗ
ಚಿತ್ರದ ಕೆಳಮೂಲೆ ನನಗೆ ಬರಿದಾಗಿ ಕಂಡಿತು.
ಕೈ ತುರಿಸಿತು. ಒಂಚೂರು ನೀಲಿ, ಇಷ್ಟೇ ಇಷ್ಟು,
ಹೆಬ್ಬೆರಳಗಲ, ಆಕಾಶವನ್ನು ನೆಲಕ್ಕೆ ತಾಗಿಸಲು.
ಚೆನ್ನಾಗಿಯೇ ಇತ್ತು. ನಾನೂ ಕಲಾಶಾಲೆಯಲ್ಲಿ ಓದಿದವನೇ.

ಬಂದಳು. ನೋಡಿದಳು.
ಕೂಗಲಿಲ್ಲ. ಡ್ರಾಯರ್ ಎಳೆದು, ಕತ್ತರಿ ತೆಗೆದು,
ನಾಲಿಗೆಯ ತುದಿ ಕಚ್ಚಿ, ನಿಧಾನವಾಗಿ
ನನ್ನ ನೀಲಿಯನ್ನು ಅದರ ಅಂಚಿನಗುಂಟ ಕತ್ತರಿಸಿ
ನನ್ನ ಅಂಗೈ ಮೇಲಿಟ್ಟಳು:
"ನಿಂದು."
ಮತ್ತೆ ಕೂತು, ನಿಂತಿದ್ದ ಕಿಟಕಿಗೇ ಹಳದಿ ಹಚ್ಚತೊಡಗಿದಳು.

ಏಪ್ರಿಲ್‌ನಲ್ಲಿ ಗ್ಲಾಸ್ಗೋದಲ್ಲಿ ಪ್ರದರ್ಶನ.
ಹಸಿರು ವೆಲ್ವೆಟ್ ಕೋಟು, ಕಿರುಗುಟ್ಟುವ ಹೊಸ ಬೂಟು.
ಮಾರಾಟವಾದವುಗಳ ಪಕ್ಕದ ಕೆಂಪು ಚುಕ್ಕಿ ಎಣಿಸುತ್ತ ನಡೆದಳು,
ಹತ್ತು, ಹನ್ನೊಂದು, ಒಂದು, ಎರಡು.
ಕನ್ನಡಕದವರೊಬ್ಬರು ಮೂಲೆಯಿಲ್ಲದ ಚಿತ್ರದ ಮುಂದೆ ನಿಂತು
ಗಾಯ, ಶೂನ್ಯ, ಸ್ಮೃತಿ ಎಂದು ಬಹಳ ಹೊತ್ತು ಮಾತಾಡಿದರು.
ಎಲ್ಸ್ಪೆತ್ ಪೂರ್ತಿ ಕೇಳಿಸಿಕೊಂಡಳು.
ಆಮೇಲೆ ನನ್ನತ್ತ ಬೆರಳು ಮಾಡಿ ಹೇಳಿದಳು,
"ಅದು ಇವನ ಜೇಬಲ್ಲಿದೆ."

ಇದೆ.
ಬಸ್ ಪಾಸಿನ ಹಿಂದೆ, ಅಂಚು ಸವೆದು.
ಮನೆಗೆ ಹೋಗುವಾಗ ಕೆಲವೊಮ್ಮೆ ತೆಗೆದು ನೋಡುತ್ತೇನೆ,
ಒಳ್ಳೆಯ ನೀಲಿ,
ಯಾರೂ ವಾಸವಿಲ್ಲ ಅದರಲ್ಲಿ.

ಇವತ್ತು ಬುಧವಾರ, ಮಳೆ, ಮೀನು ಬಂದಿದೆ.
ಅವಳು ಚಹಾ ಕೇಳಿದಳು.
ನಾಲ್ಕೇ ಹಾಕಿದೆ.