ಅರ್ಧ ಗಂಟೆಯ ನೀರು

ಸಮಾಯಿಲ್ ಪೇಟೆಯ ಟೈಪಿಂಗ್ ಸೆಂಟರಿನಲ್ಲಿ
ಹತ್ತೊಂಬತ್ತು ವರ್ಷದಿಂದ ನಾನು
ಬೇರೆಯವರ ಅರ್ಜಿ ಬರೆಯುತ್ತೇನೆ.
ಬಲದಿಂದ ಎಡಕ್ಕೆ ಅವರ ಅಕ್ಷರ,
ಎಡದಿಂದ ಬಲಕ್ಕೆ ನನ್ನ ಯೋಚನೆ,
ನಡುವೆ ಎಲ್ಲೋ ಸಂಬಳ.

ಘರ್ಬಿ ಗಾಳಿಗೆ ತೋಟ ಹೊತ್ತಿದ ಮೂರನೇ ದಿನ
ಝುವೈನಾ ಅಜ್ಜಿ ಬಂದರು.
ಅಬಾಯದ ಅಂಚಿಗೆ ಬೂದಿ,
ಕೈಯಲ್ಲಿ ಹಾಲುಪುಡಿಯ ಡಬ್ಬಿ,
ಡಬ್ಬಿಯೊಳಗೆ ಒಂದು ಮನೆಯಷ್ಟು ಕಾಗದ.
ಹಿಂದೆಯೇ ಶೀನ ಖಾರ್ವಿ, ನಮ್ಮ ಗಂಗೊಳ್ಳಿಯವ,
ಮೂವತ್ತೆಂಟು ವರ್ಷ ಆ ಮರಗಳನ್ನು ಹತ್ತಿ ಇಳಿದವ.
ಅವನ ಹತ್ತಿರ ಡಬ್ಬಿಯೂ ಇಲ್ಲ.
ರೂಮಿನೊಂದಿಗೆ ಪಾಸ್‌ಪೋರ್ಟು ಸುಟ್ಟಿತ್ತು,
ಪಾಸ್‌ಪೋರ್ಟಿನೊಂದಿಗೆ ಹುಟ್ಟಿದ ತಾರೀಕು.
‘ಬಿಡಿ ಮಾರಾಯ್ರೆ,
ಅದೂ ಮೇಷ್ಟ್ರು ಅಂದಾಜಿಗೆ ಬರೆದದ್ದೇ’
ಎಂದು ನಕ್ಕ. ನಗುವಾಗ ಏರುವುದಕ್ಕೆ
ಹುಬ್ಬುಗಳಿರಲಿಲ್ಲ.

ಫಾರಂ ಕೇಳುತ್ತದೆ: ನಷ್ಟವಾದ ಮರಗಳ ಸಂಖ್ಯೆ.
ಅಜ್ಜಿ ಹೇಳತೊಡಗಿದರು:
ಬಾಗಿಲ ಬಳಿಯ ಖಲಾಸ್, ನನ್ನ ಮದುವೆಯ ವರ್ಷದ್ದು.
ನಘಾಲ್, ಎಲ್ಲರಿಗಿಂತ ಮೊದಲು ಹಣ್ಣಾಗುವ ಗಡಿಬಿಡಿಯವಳು.
ಖಸಬ್ ಎರಡು, ಜಗಳಗಂಟಿಯರು,
ಒಬ್ಬಳು ಕಾಲುವೆಗೆ ಬಾಗಿದರೆ
ಇನ್ನೊಬ್ಬಳು ಮುನಿದು ಪಕ್ಕದ ತೋಟಕ್ಕೆ.
ಗಂಡು ಮರ ಒಂದೇ.
ಬರುವ ವರ್ಷ ಪರಾಗ ಎಲ್ಲಿಂದ ಸಾಲ ತರಲಿ?

ಶೀನ ಬೆರಳು ಮಡಚಿ ಎಣಿಸಲು ನೋಡಿದ;
ಬ್ಯಾಂಡೇಜು ಮಡಚಲಿಲ್ಲ.
‘ಅಮ್ಮಾ, ಸಂಖ್ಯೆ’ ಎಂದೆ.
‘ಸಂಖ್ಯೆ ನೀನು ಹಾಕಿಕೋ,
ನಾನಿನ್ನೂ ಹೆಸರು ಮುಗಿಸಿಲ್ಲ.’

ನಲವತ್ತಮೂರು.
ಒತ್ತಿದೆ. ಕಾಲಂ ತುಂಬಿತು.

ಶೀನನದು ರಾಯಭಾರ ಕಚೇರಿಗೆ ಬೇರೆ ಕಾಗದ:
ಈ ಮನುಷ್ಯ ಇದ್ದಾನೆ.
ಸಾಕ್ಷಿ, ಝುವೈನಾ. ಹೆಬ್ಬೆಟ್ಟು.

ಅಧಿಕಾರಿಗಳು ಒಳ್ಳೆಯವರೇ, ಸುಳ್ಳು ಹೇಳಬಾರದು.
ಹಾಸಿಗೆ ಕೊಟ್ಟರು, ಬಿಪಿ ಮಾತ್ರೆ ಕೊಟ್ಟರು,
ಹೆದ್ದಾರಿ ಬದಿ ಎಸಿ ಇರುವ ಫ್ಲ್ಯಾಟು ಕೊಟ್ಟರು.
ಅಜ್ಜಿ ರಾತ್ರಿಯಿಡೀ ಎಸಿಯಿಂದ ಸೋರುವ ನೀರನ್ನು
ಬಕೆಟಿಗೆ ಹಿಡಿದು
ಬೆಳಿಗ್ಗೆ ಟ್ಯಾಕ್ಸಿಯಲ್ಲಿ ತೋಟಕ್ಕೆ ಒಯ್ದರಂತೆ.
ಟ್ಯಾಕ್ಸಿಯವ ಬಾಡಿಗೆ ಅರ್ಧ ಬಿಟ್ಟ,
ಸೀಟು ಒದ್ದೆಯಾದದ್ದಕ್ಕೆ ಪೂರ್ತಿ ಬೈದ.

ಕರಿ ಕಾಂಡಗಳನ್ನು ಕೀಳಲು ಜೆಸಿಬಿ ಬಂದ ದಿನ
ಶೀನ ಅದರ ಮುಂದೆ ನಿಂತನಂತೆ.
ಹೊರಗೆ ಇದ್ದಲಾದರೇನು,
ಒಳಗೆ ಸುಳಿ ಇದ್ದೀತು.
ನಲವತ್ತು ದಿನ ಬಿಡಿ.
ಮತ್ತೆ, ನೀರು ಬಿಡಿ.

ನೀರು ಇಲ್ಲಿ ದುಡ್ಡಲ್ಲ, ಹೊತ್ತು.
ಫಲಜಿನ ಕಾಲುವೆ ಹರಿಯುವುದು ಪಾಲಿನ ಪ್ರಕಾರ;
ಒಂದು ಅಥರ್ ಎಂದರೆ ಅರ್ಧ ಗಂಟೆ.
ಅಜ್ಜಿಯ ಪಾಲು ಎಂಟು ದಿನಕ್ಕೆ ಒಂದೇ ಅಥರ್.
ಬೆಂದ ತೋಟಕ್ಕೆ ಅದು ನಾಲಿಗೆ ನೆನೆಯುವಷ್ಟು.

ಆ ಸಂಜೆ ಪಾಲಿನ ಪುಸ್ತಕ ಹಿಡಿದವನ ಬಳಿ
ಪಕ್ಕದ ತೋಟದ ಖಲ್ಫಾನ್ ಹೋದ.
ಎಪ್ಪತ್ತೊಂಬತ್ತರ ಮುದುಕ,
ಬೇಲಿಯ ಒಂದು ಗೇಣಿಗಾಗಿ
ಅಜ್ಜಿಯೊಡನೆ ಹನ್ನೊಂದು ವರ್ಷದಿಂದ ಮಾತು ಬಿಟ್ಟವ.
‘ನನ್ನದರಲ್ಲಿ ಒಂದು ಅಥರ್
ಆ ಕಡೆಯವಳಿಗೆ ಬರೆ’ ಎಂದ.
ಹೆಸರೆತ್ತಲಿಲ್ಲ.
ಹೆಸರಿಲ್ಲದೆ ಬರೆಯಲು ಬರುವುದಿಲ್ಲ ಎಂದಾಗ
ಪೆನ್ನು ಕಸಿದು ತಾನೇ ಬರೆದನಂತೆ,
ಅಪ್ಪನ ಹೆಸರು, ಅಜ್ಜನ ಹೆಸರು ಸಮೇತ.

ಖಲ್ಫಾನನ ಸರದಿ ರಾತ್ರಿ ಎರಡೂ ಹತ್ತಕ್ಕೆ.
ಒಮ್ಮೆ ನಾನೂ ಹೋಗಿದ್ದೆ.
ಶೀನ ಬಟ್ಟೆಯ ಮುದ್ದೆ ಕಿತ್ತ,
ನೀರು ಬೂದಿಯೊಳಗೆ ಬಂತು,
ಮೊದಲು ಕಪ್ಪಗೆ, ಚೂರುಪಾರು ಎತ್ತಿಕೊಂಡು,
ಸ್ವಲ್ಪ ನಿಂತು, ಮತ್ತೆ.
ಮೊಬೈಲಿನ ಬೆಳಕು ಹಿಡಿದೆ.
ನನ್ನಿಂದಾದ ಸಹಾಯ ಅಷ್ಟೇ.

ಐವತ್ತನೇ ದಿನ ಅಜ್ಜಿ ಮತ್ತೆ ಅಂಗಡಿಗೆ.
‘ತಿದ್ದು. ನಲವತ್ತೆರಡು.’
ಅಮ್ಮಾ, ಪರಿಹಾರ ಕಡಿಮೆಯಾಗುತ್ತದೆ ಎಂದೆ.
‘ನಘಾಲ್ ಸುಳಿ ಬಿಟ್ಟಿದ್ದಾಳೆ.
ಗಡಿಬಿಡಿಯವಳು ಎಂದಿದ್ದೆನಲ್ಲ.
ಬದುಕಿದವಳ ಮೇಲೆ ದುಡ್ಡು ತೆಗೆದುಕೊಳ್ಳಲೆ?’
ತಿದ್ದುಪಡಿಗೆ ಅರ್ಧ ರಿಯಾಲು. ನಾನು ಕೇಳಲಿಲ್ಲ,
ಅವರು ಇಡದೆ ಹೋಗಲಿಲ್ಲ.

ಖಸಬ್‌ಗಳದ್ದೇನು ಕತೆ, ಶೀನನನ್ನು ಕೇಳಿದೆ.
ಈಗಷ್ಟೇ ಮೊಳೆತ ಹುಬ್ಬು ಏರಿಸಿದ.
‘ಇನ್ನೂ ಗೊತ್ತಿಲ್ಲ.
ಒಬ್ಬಳು ಎದ್ದರೆ ಸಾಕು,
ಹಟಕ್ಕಾದರೂ ಎದ್ದಾಳು ಇನ್ನೊಬ್ಬಳು.’